ಉತ್ತರ ಸೂಚಿ ಬರೆಯುತ್ತಾ ಕಲಿತ ಇಂಗ್ಲಿಷ್ ಕ್ರಿಯಾವಿಶೇಷಣ

ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ನಾನು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಕಳೆದ ವರ್ಷ, ಕನ್ನಡ ಮಾಧ್ಯಮದ ಪ್ರೌಢಶಾಲಾ ಮಕ್ಕಳಿಗೆಂದು ಸಿದ್ಧವಾಗುತ್ತಿದ್ದ ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಪುಸ್ತಕವೊಂದು ನಮ್ಮಲ್ಲಿಗೆ ಬಂದಾಗ ಅದರ ಕ್ರಿಯಾವಿಶೇಷಣದ ಪಾಠಕ್ಕೆ ಉತ್ತರ ಸೂಚಿ ಇರಲಿಲ್ಲ. ವಾಕ್ಯಗಳಿದ್ದವು, ‘ಕೆಳಗಿನ ವಾಕ್ಯಗಳಲ್ಲಿರುವ ಅಡ್ವರ್ಬ್‌ಗಳನ್ನು ಗುರುತಿಸಿ ಅಡಿಗೆರೆ ಎಳೆಯಿರಿ’ ಎಂಬ ಸೂಚನೆಯೂ ಇತ್ತು. ಆದರೆ ಯಾವ ಪದದ ಕೆಳಗೆ ಗೆರೆ ಬೀಳಬೇಕು, ಏಕೆ ಬೀಳಬೇಕು ಎಂಬುದು ಎಲ್ಲಿಯೂ ಇರಲಿಲ್ಲ. ಆ ಸೂಚಿಯನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವಳು. ಇಂತಹ ಪ್ರಶ್ನೆಯ ಮುಂದೆ ಮಕ್ಕಳ ಪೆನ್ಸಿಲ್ ಎಲ್ಲಿ ತಡೆದು ನಿಲ್ಲುತ್ತದೆ ಎಂಬುದನ್ನು ಒಳಗಿನಿಂದಲೇ ಬಲ್ಲೆ. ಆದುದರಿಂದ ಬರಿಯ ಉತ್ತರ ಸಾಲದು, ಪ್ರತಿಯೊಂದು ಉತ್ತರದ ಪಕ್ಕದಲ್ಲಿ ಕಾರಣವನ್ನೂ ಒಂದು ಸಾಲಿನಲ್ಲಿ ಕೊಡಬೇಕು ಎಂದು ನಿಶ್ಚಯಿಸಿಕೊಂಡೆ.

ಕಾರಣ ಬರೆಯಬೇಕೆಂದು ಹೊರಟಾಗಲೇ ಈ ಕೆಲಸದ ಆಳ ತಿಳಿಯಿತು. ಒಂದು ಪದ ಕ್ರಿಯಾವಿಶೇಷಣವೆಂದು ಊಹಿಸುವುದು ಸುಲಭ. ಅದು ಏಕೆ ಕ್ರಿಯಾವಿಶೇಷಣ, ಪಕ್ಕದ ಪದ ಏಕೆ ಅಲ್ಲ ಎಂದು ಹದಿಮೂರು ವರ್ಷದ ಹುಡುಗಿಗೆ ಅರ್ಥವಾಗುವಂತೆ ಹೇಳುವುದು ಸುಲಭವಲ್ಲ. ನಮ್ಮ ಮುದ್ರಣಾಲಯಕ್ಕೆ ಆಗಾಗ ಬರುವ, ಬಸವನಗುಡಿಯ ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರನ್ನು ಕೇಳಿದೆ. ಅವರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತೇವೆ. ಕರಡಿನ ಹಾಳೆಗಳನ್ನು ತಿರುವಿ ನೋಡಿ ಅವರು ಹೇಳಿದರು: “ಮೊದಲೇ ಅಡ್ವರ್ಬ್ ಹುಡುಕೋಕೆ ಹೋಗಬೇಡಮ್ಮ. ಕ್ರಿಯಾಪದ ಹುಡುಕು. ಅದು ಸಿಕ್ಕಿದ ಮೇಲೆ ಅದನ್ನೇ ಕೇಳು, ಹೇಗೆ, ಎಲ್ಲಿ, ಯಾವಾಗ, ಎಷ್ಟು ಸಲ ಅಂತ. ಉತ್ತರ ಕೊಡೋ ಪದ ಯಾವುದೋ ಅದರ ಕೆಳಗೆ ಗೆರೆ ಎಳಿ.”

ಪುಸ್ತಕದ ಮೊದಲ ವಾಕ್ಯ ಈ ಕ್ರಮಕ್ಕೆ ಹೇಳಿಮಾಡಿಸಿದಂತಿತ್ತು: ‘ದಿ ಓಲ್ಡ್ ವುಮನ್ ಕ್ರಾಸ್ಡ್ ದಿ ರೋಡ್ ಸ್ಲೋಲಿ.’ ಕ್ರಿಯಾಪದ ‘ಕ್ರಾಸ್ಡ್’. ದಾಟಿದವರು ಯಾರು ಎಂದರೆ ‘ದಿ ಓಲ್ಡ್ ವುಮನ್’, ದಾಟಿದ್ದು ಏನನ್ನು ಎಂದರೆ ‘ದಿ ರೋಡ್’. ಕರ್ತೃಪದವನ್ನೂ ಕರ್ಮಪದವನ್ನೂ ಬದಿಗಿಟ್ಟರೆ ಉಳಿಯುವುದು ‘ಸ್ಲೋಲಿ’ ಒಂದೇ. ಹೇಗೆ ದಾಟಿದಳು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ‘ಓಲ್ಡ್’ ಎಂಬುದೂ ಬಣ್ಣಿಸುವ ಪದವೇ ಆದರೂ ಅದು ಬಣ್ಣಿಸುವುದು ದಾಟುವ ಕ್ರಿಯೆಯನ್ನಲ್ಲ, ಮುದುಕಿಯನ್ನು. ಆದುದರಿಂದ ಅದು ಗುಣವಾಚಕ.

ಈ ಕ್ರಮವನ್ನು ಕೈಗೆತ್ತಿಕೊಂಡಾಗ ನನಗೆ ನೆನಪಾದದ್ದು ಶಾಲೆಯಲ್ಲಿ ಕಲಿತ ಕನ್ನಡ ವ್ಯಾಕರಣ. ಅಲ್ಲಿ ಅವ್ಯಯಗಳ ಪಾಠದಲ್ಲಿ ಸಾಮಾನ್ಯಾವ್ಯಯ ಎಂಬ ಒಂದು ವಿಭಾಗವಿದೆ: ಕ್ರಿಯೆ ನಡೆದ ಸ್ಥಳ, ಕಾಲ, ರೀತಿಗಳನ್ನು ಹೇಳುವ ಪದಗಳು. ಮೆಲ್ಲನೆ, ಬೇಗನೆ, ಸುಮ್ಮನೆ, ಅಲ್ಲಿ, ಆಗ, ಒಡನೆ ಎಂಬ ಉದಾಹರಣೆಗಳನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಮೇಷ್ಟ್ರು ಹೇಳಿದ ಪ್ರಶ್ನೆಗಳು ಆ ವ್ಯಾಖ್ಯೆಗಿಂತ ಬೇರೆಯಲ್ಲ. ಕನ್ನಡ ಮಾಧ್ಯಮದ ಮಗು ಇಂಗ್ಲಿಷ್ ತರಗತಿಗೆ ಬರುವಾಗ ಈ ತಿಳಿವಳಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತದೆ, ಆದರೆ ಎರಡೂ ಒಂದೇ ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ. ಸೂಚಿಯ ಮೊದಲ ಪುಟದಲ್ಲಿ ನಾನು ಅದನ್ನೇ ಬರೆದೆ.

ಅಲ್ಲಿಂದ ಮುಂದೆ ವಾಕ್ಯಗಳನ್ನು ಒಂದೊಂದಾಗಿ ಬಿಡಿಸತೊಡಗಿದಾಗ, ಮಕ್ಕಳು ಸಾಮಾನ್ಯವಾಗಿ ಹಿಡಿಯುವ ದಾರಿ ಯಾವುದೋ ಅದನ್ನೇ ಮೊದಲು ಪರೀಕ್ಷಿಸಿದೆ. ಪದದ ಕೊನೆಯಲ್ಲಿ ‘ಎಲ್’ ಮತ್ತು ‘ವೈ’ ಅಕ್ಷರಗಳು ಕಂಡರೆ ಅದು ಅಡ್ವರ್ಬ್ ಎಂಬುದು ಆ ದಾರಿ. ‘ಕ್ವಿಕ್‌ಲಿ’, ‘ಕೇರ್‌ಫುಲಿ’, ‘ಬ್ರೇವ್‌ಲಿ’, ‘ಲೌಡ್‌ಲಿ’ ಮುಂತಾದ ಅಸಂಖ್ಯ ಪದಗಳಿಗೆ ಅದು ಸರಿಹೊಂದುತ್ತದೆ. ಆದರೆ ‘ಫ್ರೆಂಡ್ಲಿ’, ‘ಲವ್ಲಿ’, ‘ಲೋನ್ಲಿ’, ‘ಸಿಲ್ಲಿ’, ‘ಕವರ್ಡ್ಲಿ’ ಎಂಬವು ಗುಣವಾಚಕಗಳು, ‘ಫ್ಯಾಮಿಲಿ’, ‘ಅಸೆಂಬ್ಲಿ’, ‘ಬಟರ್‌ಫ್ಲೈ’ ನಾಮಪದಗಳು, ‘ಅಪ್ಲೈ’ ಕ್ರಿಯಾಪದ, ‘ರಿಪ್ಲೈ’, ‘ಸಪ್ಲೈ’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ‘ಡೈಲಿ’, ‘ವೀಕ್ಲಿ’, ‘ಅರ್ಲಿ’ ಎಂಬವು ಎರಡು ಕಡೆಗೂ ಸಲ್ಲುತ್ತವೆ: ‘ಎ ಡೈಲಿ ಪೇಪರ್’ ಎಂಬಲ್ಲಿ ಗುಣವಾಚಕ, ‘ದಿ ಮಿಲ್ಕ್ ಕಮ್ಸ್ ಡೈಲಿ’ ಎಂಬಲ್ಲಿ ಕ್ರಿಯಾವಿಶೇಷಣ.

ಈ ಗೊಂದಲಕ್ಕೆ ಇಂಗ್ಲಿಷಿನ ಚರಿತ್ರೆಯಲ್ಲಿಯೇ ಕಾರಣವಿದೆ. ಹಳೆಯ ಇಂಗ್ಲಿಷ್‌ನಲ್ಲಿ ಗುಣವಾಚಕವನ್ನು ಕಟ್ಟುವ ‘ಲಿಚ್’ ಎಂಬ ಒಂದು ಪ್ರತ್ಯಯವೂ, ಅದಕ್ಕೆ ಕೊನೆಯಲ್ಲಿ ಎಕಾರ ಸೇರಿ ಕ್ರಿಯಾವಿಶೇಷಣವನ್ನು ಕಟ್ಟುವ ‘ಲಿಚೆ’ ಎಂಬ ಇನ್ನೊಂದು ಪ್ರತ್ಯಯವೂ ಇದ್ದವು. ಕಾಲಕ್ರಮದಲ್ಲಿ ಕೊನೆಯ ಸ್ವರ ಬಿದ್ದುಹೋಗಿ, ವ್ಯಂಜನವೂ ಸವೆದು, ಎರಡೂ ಇಂದಿನ ‘ಲಿ’ ಆಗಿ ಕೂಡಿಕೊಂಡವು. ‘ಫ್ರೆಂಡ್ಲಿ’ ಮೊದಲನೆಯ ಪ್ರತ್ಯಯದ ಕುಲಕ್ಕೆ ಸೇರಿದ್ದು, ‘ಸ್ಲೋಲಿ’ ಎರಡನೆಯ ಕುಲಕ್ಕೆ. ಇಂದು ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೂ ಒಂದು ಸುಲಭವಾದ ಪರೀಕ್ಷೆ ಉಳಿದಿದೆ: ‘ಲಿ’ಯನ್ನು ತೆಗೆದಾಗ ಉಳಿಯುವುದು ಗುಣವಾಚಕವಾದರೆ, ‘ಸ್ಲೋ’, ‘ಬ್ರೇವ್’, ‘ಲೌಡ್’ ಎಂಬಂತೆ, ಇಡೀ ಪದ ಬಹುಮಟ್ಟಿಗೆ ಕ್ರಿಯಾವಿಶೇಷಣ, ಉಳಿಯುವುದು ನಾಮಪದವಾದರೆ, ‘ಫ್ರೆಂಡ್’, ‘ಕವರ್ಡ್’, ‘ಮದರ್’ ಎಂಬಂತೆ, ಇಡೀ ಪದ ಬಹುಮಟ್ಟಿಗೆ ಗುಣವಾಚಕ. ಈ ಪರೀಕ್ಷೆಯನ್ನು ಮಕ್ಕಳಿಗೆ ಕೊಡಬಹುದು ಎಂದು ಮೇಷ್ಟ್ರೂ ಒಪ್ಪಿದರು. ‘ಬಹುಮಟ್ಟಿಗೆ’ ಎಂಬ ಪದವನ್ನು ಮಾತ್ರ ಬಿಡಬೇಡ ಎಂದರು.

‘ಲಿ’ ಇಲ್ಲದ ಕ್ರಿಯಾವಿಶೇಷಣಗಳಿಗೆ ಬೆಂಗಳೂರಿನ ರಸ್ತೆಗಳಿಗಿಂತ ಒಳ್ಳೆಯ ಪಾಠಶಾಲೆ ನನಗೆ ಸಿಗಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ಚಾಮರಾಜಪೇಟೆಯ ಕಡೆಗೆ ನಡೆಯುವಾಗ ಫಲಕಗಳನ್ನು ಓದುವ ಅಭ್ಯಾಸವನ್ನು ಆ ದಿನಗಳಲ್ಲಿ ಬೆಳೆಸಿಕೊಂಡೆ. ‘ನಿಧಾನವಾಗಿ ಚಲಿಸಿ’ ಎಂದು ಕನ್ನಡದಲ್ಲಿ ಹೇಳುವ ಮಾತನ್ನೇ ಇಂಗ್ಲಿಷ್ ಫಲಕ ‘ಗೋ ಸ್ಲೋ’ ಎನ್ನುತ್ತದೆ. ಕನ್ನಡದಲ್ಲಿ ‘ಆಗಿ’ ಇದೆ, ಇಂಗ್ಲಿಷಿನಲ್ಲಿ ‘ಲಿ’ ಇಲ್ಲ, ಆದರೂ ಎರಡೂ ಹೇಗೆ ಹೋಗಬೇಕು ಎಂಬುದನ್ನೇ ಹೇಳುತ್ತವೆ. ‘ಕೀಪ್ ಲೆಫ್ಟ್’ ಎಂಬಲ್ಲಿ ‘ಲೆಫ್ಟ್’ ಎಲ್ಲಿ ಎಂಬುದಕ್ಕೆ ಉತ್ತರ. ಅದೇ ಪದ ‘ಲೆಫ್ಟ್ ಹ್ಯಾಂಡ್’ ಎಂಬಲ್ಲಿ ಗುಣವಾಚಕ, ‘ಹೀ ಲೆಫ್ಟ್ ದಿ ರೂಮ್’ ಎಂಬಲ್ಲಿ ಕ್ರಿಯಾಪದ.

ಒಂದು ಭಾನುವಾರ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ‘ಫಾಸ್ಟ್’ ಎಂಬ ಒಂದೇ ಪದವನ್ನು ನಿಘಂಟಿನಲ್ಲಿ ನೋಡಿದೆ. ‘ಎ ಫಾಸ್ಟ್ ಟ್ರೈನ್’ ಎಂದಾಗ ಗುಣವಾಚಕ. ‘ದಿ ಟ್ರೈನ್ ವೆಂಟ್ ಫಾಸ್ಟ್’ ಎಂದಾಗ ಕ್ರಿಯಾವಿಶೇಷಣ. ಉಪವಾಸ ಎಂಬ ಅರ್ಥದಲ್ಲಿ ‘ಹರ್ ಫಾಸ್ಟ್ ಎಂಡೆಡ್ ಅಟ್ ಸನ್‌ಸೆಟ್’ ಎಂದರೆ ನಾಮಪದ. ‘ಮೈ ಮದರ್ ಫಾಸ್ಟ್ಸ್ ಆನ್ ಏಕಾದಶಿ’ ಎಂದರೆ ಕ್ರಿಯಾಪದ. ‘ಫಾಸ್ಟ್ ಅಸ್ಲೀಪ್’ ಎಂದರೆ ಮತ್ತೆ ಕ್ರಿಯಾವಿಶೇಷಣವೇ, ಆದರೆ ಆಗ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ, ನಿದ್ರೆಯ ಗಾಢತೆಯನ್ನು ಅದು ಹೇಳುತ್ತದೆ. ನಿಘಂಟು ಸಾಧ್ಯತೆಗಳನ್ನು ಪಟ್ಟಿ ಮಾಡಿ ಕೊಡುತ್ತದೆ, ಅಷ್ಟೇ. ಈ ವಾಕ್ಯದಲ್ಲಿ ಈ ಪದ ಏನು ಎಂಬುದನ್ನು ತೀರ್ಮಾನಿಸುವುದು ಆ ವಾಕ್ಯವೇ. ‘ಫಾಸ್ಟ್’, ‘ಹಾರ್ಡ್’ ಮುಂತಾದವು ‘ಲಿ’ ಇಲ್ಲದೆ ಉಳಿದುದಕ್ಕೂ ಚರಿತ್ರೆಯೇ ಕಾರಣ: ಹಳೆಯ ಇಂಗ್ಲಿಷಿನಲ್ಲಿ ಇವುಗಳ ಕ್ರಿಯಾವಿಶೇಷಣ ರೂಪಕ್ಕೆ ಕೊನೆಯಲ್ಲಿ ಒಂದು ಎಕಾರ ಮಾತ್ರ ಇತ್ತು, ಅದು ಬಿದ್ದುಹೋದಾಗ ಗುಣವಾಚಕದ ರೂಪಕ್ಕೂ ಇದಕ್ಕೂ ಭೇದ ಉಳಿಯಲಿಲ್ಲ.

ಇಲ್ಲಿ ‘ಹಾರ್ಡ್’ ಪದಕ್ಕೆ ಸೂಚಿಯಲ್ಲಿ ಒಂದು ಪ್ರತ್ಯೇಕ ಟಿಪ್ಪಣಿಯನ್ನೇ ಬರೆಯಬೇಕಾಯಿತು. ‘ಹೀ ವರ್ಕ್ಸ್ ಹಾರ್ಡ್’ ಎಂದರೆ ಕಷ್ಟಪಟ್ಟು ದುಡಿಯುತ್ತಾನೆ. ‘ಹೀ ಹಾರ್ಡ್‌ಲಿ ವರ್ಕ್ಸ್’ ಎಂದರೆ ದುಡಿಯುವುದೇ ಅಪರೂಪ. ಎರಡೂ ಕ್ರಿಯಾವಿಶೇಷಣಗಳೇ, ಅರ್ಥ ಮಾತ್ರ ಒಂದಕ್ಕೊಂದು ಎದುರು. ‘ಲೇಟ್’ ಮತ್ತು ‘ಲೇಟ್‌ಲಿ’, ‘ನಿಯರ್’ ಮತ್ತು ‘ನಿಯರ್ಲಿ’ ಹೀಗೆಯೇ ಬೇರೆ ಬೇರೆ ದಾರಿ ಹಿಡಿದ ಜೋಡಿಗಳು.

ಇಷ್ಟರವರೆಗೆ ಎಲ್ಲ ಭಾಷೆಯ ಕಲಿಕೆದಾರರಿಗೂ ಬರುವ ತೊಡಕುಗಳು. ಆದರೆ ಕನ್ನಡಿಗರಿಗೇ ವಿಶೇಷವಾಗಿ ಕಾದಿರುವ ಒಂದು ತೊಡಕು ಈ ಪಾಠದಲ್ಲಿದೆ. ನನ್ನ ದೃಷ್ಟಿಯಲ್ಲಿ ಇಡೀ ಪಾಠದಲ್ಲಿ ಅತ್ಯಂತ ಮುಖ್ಯವಾದದ್ದು ಅದು. ಅದನ್ನು ಹೇಳಿಕೊಡದ ವ್ಯಾಕರಣ ಪುಸ್ತಕ ನಮ್ಮ ಮಕ್ಕಳಿಗೆ ಅರ್ಧ ಪುಸ್ತಕವೇ ಸರಿ. ಪಠ್ಯದಲ್ಲಿ ಈ ಎರಡು ವಾಕ್ಯಗಳಿದ್ದವು: ‘ದಿ ಸಾಂಗ್ ಈಸ್ ಗುಡ್’, ‘ಶೀ ಸ್ಯಾಂಗ್ ವೆಲ್’. ಇವನ್ನು ಕನ್ನಡದಲ್ಲಿ ಹೇಳಿ ನೋಡಿ: ಹಾಡು ಚೆನ್ನಾಗಿದೆ; ಅವಳು ಚೆನ್ನಾಗಿ ಹಾಡಿದಳು. ಕನ್ನಡದಲ್ಲಿ ಎರಡು ಕಡೆಯೂ ‘ಚೆನ್ನಾಗಿ’ಯೇ. ಇಂಗ್ಲಿಷಿನಲ್ಲಿ ಮೊದಲನೆಯದು ಗುಣವಾಚಕ, ಎರಡನೆಯದು ಕ್ರಿಯಾವಿಶೇಷಣ. ಇದು ಒಂದು ಪದದ ಆಕಸ್ಮಿಕವಲ್ಲ. ಮನೆ ವಿಶಾಲವಾಗಿದೆ, ಊಟ ರುಚಿಯಾಗಿದೆ, ಮಗು ಆರೋಗ್ಯವಾಗಿದೆ, ಬೀದಿ ಸ್ವಚ್ಛವಾಗಿದೆ: ಒಂದು ವಸ್ತುವಿನ ಗುಣವನ್ನು ವಾಕ್ಯದ ಕೊನೆಯಲ್ಲಿ ಹೇಳಬೇಕಾದಾಗ ಕನ್ನಡ ಅದಕ್ಕೆ ‘ಆಗಿ’ಯನ್ನು ಸೇರಿಸಿ ‘ಇರು’ ಧಾತುವನ್ನು ತರುತ್ತದೆ. ಬೇಗ ಓಡುವುದನ್ನು ‘ವೇಗವಾಗಿ ಓಡಿದ’ ಎಂದು ಹೇಳುವುದಕ್ಕೂ ಅದೇ ‘ಆಗಿ’. ‘ಆಗಿ’ ಎಂದರೆ ‘ಲಿ’ ಎಂದು ಮನಸ್ಸಿನಲ್ಲಿ ಸಮೀಕರಿಸಿಕೊಂಡ ಮಗು ‘ದಿ ಹೌಸ್ ಈಸ್ ಬ್ಯೂಟಿಫುಲ್’ ಎಂಬಲ್ಲಿ ‘ಬ್ಯೂಟಿಫುಲ್’ ಪದದ ಕೆಳಗೆ ಗೆರೆ ಎಳೆದರೆ ಅದಕ್ಕೆ ಬುದ್ಧಿ ಸಾಲದು ಎಂದಲ್ಲ. ತನ್ನ ಭಾಷೆಯನ್ನು ಅದು ನಿಷ್ಠೆಯಿಂದ ಅನುಸರಿಸಿದೆ ಎಂದು ಅರ್ಥ.

ಮೇಷ್ಟ್ರು ಕೊಟ್ಟ ಪ್ರಶ್ನೆಯೂ ಇಲ್ಲಿ ಕೈಕೊಡುತ್ತದೆ. ಊಟ ಹೇಗಿದೆ ಎಂದು ಕೇಳಿದರೆ ರುಚಿಯಾಗಿದೆ ಎಂಬ ಉತ್ತರ ಬರುತ್ತದೆ. ಹೇಗೆ ಎಂಬುದಕ್ಕೆ ಉತ್ತರ ಬಂತಲ್ಲ, ಆದುದರಿಂದ ಅಡ್ವರ್ಬ್ ಎಂದು ಮಗು ತೀರ್ಮಾನಿಸುತ್ತದೆ. ಇದನ್ನು ಅವರ ಮುಂದಿಟ್ಟಾಗ ಅವರು ಒಡನೆಯೇ ಒಪ್ಪಿದರು. ವಾಕ್ಯದಲ್ಲಿ ನಿಜವಾಗಿ ಏನಾದರೂ ನಡೆದಿದೆಯೇ ಎಂಬುದನ್ನು ಮೊದಲು ನೋಡಬೇಕು ಎಂದರು. ಹಾಡುವುದು, ಓಡುವುದು, ಬರೆಯುವುದು ನಡೆಯುವ ಕೆಲಸಗಳು. ಇರುವುದು, ಆಗುವುದು, ಕಾಣುವುದು ಕರ್ತೃವಿನ ಸ್ಥಿತಿಯನ್ನು ಹೇಳುವ ಪದಗಳು. ಇಂಗ್ಲಿಷಿನ ‘ಈಸ್’, ‘ಸೀಮ್’, ‘ಬಿಕಮ್’ ಇಂತಹ ಜೋಡಣೆಯ ಕ್ರಿಯಾಪದಗಳು. ಅವುಗಳ ಮುಂದೆ ಬಂದು ಕರ್ತೃವಿನ ಗುಣ ಹೇಳುವ ಪದ ಗುಣವಾಚಕವೇ.

ಕಷ್ಟವಿರುವುದು ಎರಡೂ ಕಡೆ ಸಲ್ಲುವ ‘ಲುಕ್’, ‘ಸ್ಮೆಲ್’, ‘ಟೇಸ್ಟ್’, ‘ಫೀಲ್’, ‘ಗ್ರೋ’ ಮುಂತಾದವುಗಳಲ್ಲಿ. ‘ದಿ ಚೈಲ್ಡ್ ಲುಕ್ಡ್ ಸ್ಯಾಡ್’ ಎಂಬ ವಾಕ್ಯವನ್ನೂ ‘ದಿ ಚೈಲ್ಡ್ ಲುಕ್ಡ್ ಸ್ಯಾಡ್ಲಿ ಅಟ್ ದಿ ಬ್ರೋಕನ್ ಟಾಯ್’ ಎಂಬ ವಾಕ್ಯವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನಾನು ಬಹಳ ಹೊತ್ತು ನೋಡಿದೆ. ಇಂಗ್ಲಿಷ್ ಪುಸ್ತಕಗಳು ಹೇಳುವ ಪರೀಕ್ಷೆಯೆಂದರೆ ‘ಲುಕ್ಡ್’ ಪದದ ಜಾಗದಲ್ಲಿ ‘ವಾಸ್’ ಇಟ್ಟು ನೋಡುವುದು: ‘ದಿ ಚೈಲ್ಡ್ ವಾಸ್ ಸ್ಯಾಡ್’ ನಿಲ್ಲುತ್ತದೆ, ಎರಡನೆಯ ವಾಕ್ಯ ಮುರಿದುಬೀಳುತ್ತದೆ. ಪರೀಕ್ಷೆ ಒಳ್ಳೆಯದೇ. ಆದರೆ ಇಂಗ್ಲಿಷ್ ವಾಕ್ಯ ನಿಂತಿತೋ ಮುರಿಯಿತೋ ಎಂದು ತಿಳಿಯಲು ಇಂಗ್ಲಿಷ್ ಕಿವಿ ಬೇಕು, ನಮ್ಮ ಮಕ್ಕಳಿಗೆ ಅದು ಇನ್ನೂ ಬಂದಿರುವುದಿಲ್ಲ. ಎರಡನ್ನೂ ಕನ್ನಡದಲ್ಲಿ ಹೇಳಿಕೊಂಡಾಗ ದಾರಿ ಕಂಡಿತು: ಮಗು ಸಪ್ಪಗೆ ಕಂಡಿತು, ಮುರಿದ ಆಟಿಕೆಯನ್ನು ಮಗು ದುಃಖದಿಂದ ನೋಡಿತು. ಇಂಗ್ಲಿಷಿಗೆ ಒಂದೇ ‘ಲುಕ್’ ಇರುವಲ್ಲಿ ಕನ್ನಡಕ್ಕೆ ಕಾಣು ಮತ್ತು ನೋಡು ಎಂಬ ಎರಡು ಕ್ರಿಯಾಪದಗಳಿವೆ! ಉಳಿದವನ್ನೂ ಪರೀಕ್ಷಿಸಿದೆ. ‘ದಿ ಸೂಪ್ ಟೇಸ್ಟ್ಸ್ ಗುಡ್’ ಎಂದರೆ ರುಚಿಯಾಗಿದೆ. ‘ದಿ ಕುಕ್ ಟೇಸ್ಟೆಡ್ ದಿ ಸೂಪ್ ಕೇರ್‌ಫುಲಿ’ ಎಂದರೆ ಎಚ್ಚರಿಕೆಯಿಂದ ರುಚಿ ನೋಡಿದ. ‘ಸ್ಮೆಲ್’ ಒಂದು ಕಡೆ ವಾಸನೆ ಬರುವುದು, ಇನ್ನೊಂದು ಕಡೆ ಮೂಸಿ ನೋಡುವುದು. ‘ಫೀಲ್’ ಒಂದು ಕಡೆ ಎನಿಸುವುದು, ಇನ್ನೊಂದು ಕಡೆ ಮುಟ್ಟಿ ನೋಡುವುದು. ‘ಗ್ರೂ ಡಾರ್ಕ್’ ಎಂದರೆ ಕತ್ತಲಾಯಿತು, ‘ಗ್ರೂ ಕ್ವಿಕ್‌ಲಿ’ ಎಂದರೆ ಬೇಗ ಬೆಳೆಯಿತು. ಕನ್ನಡದಲ್ಲಿ ಹೇಳಿದಾಗ ಇರು, ಆಗು, ಕಾಣು, ಬರು, ಎನಿಸು ಎಂಬ ಧಾತುಗಳು ಬಂದರೆ ಮುಂದಿನ ಪದ ಗುಣವಾಚಕ. ನೋಡು, ಮೂಸು, ಮುಟ್ಟು, ಬೆಳೆ ಎಂಬ ಧಾತುಗಳು ಬಂದರೆ ಮುಂದಿನ ಪದ ಕ್ರಿಯಾವಿಶೇಷಣ. ಗೊಂದಲವನ್ನು ತಂದೊಡ್ಡಿದ ಕನ್ನಡವೇ ಅದರಿಂದ ಹೊರಬರುವ ದಾರಿಯನ್ನೂ ಇಷ್ಟು ಸ್ಪಷ್ಟವಾಗಿ ಇಟ್ಟುಕೊಂಡಿದೆ ಎಂಬುದು ನನಗೆ ಈ ಕೆಲಸದಲ್ಲಿ ದೊರೆತ ದೊಡ್ಡ ಸಂತೋಷ. ಸೂಚಿಯಲ್ಲಿ ಇದಕ್ಕೆ ಇಡೀ ಒಂದು ಪುಟ ಕೇಳಿ ಪಡೆದೆ.

ಅದೇ ಪುಟದಲ್ಲಿ ಎರಡು ಎಚ್ಚರಿಕೆಗಳನ್ನೂ ಸೇರಿಸಬೇಕಾಯಿತು. ‘ಐ ಆ್ಯಮ್ ವೆಲ್’ ಎಂಬಲ್ಲಿ ‘ವೆಲ್’ ಆರೋಗ್ಯವಂತ ಎಂಬ ಅರ್ಥದ ಗುಣವಾಚಕ, ಹಾಡುವ ‘ವೆಲ್’ ಅಲ್ಲ. ಹಾಗೆಯೇ ‘ಈಸ್’ ಪದದ ಮುಂದೆ ಸ್ಥಳ ಕಾಲಗಳ ಪದ ಬಂದರೆ, ‘ಶೀ ಈಸ್ ಹಿಯರ್’ ಎಂಬಂತೆ, ಅದು ಕರ್ತೃವಿನ ಗುಣವನ್ನು ಹೇಳುತ್ತಿಲ್ಲ. ಶಾಲಾ ವ್ಯಾಕರಣದ ಪ್ರಕಾರ ಅದು ಕ್ರಿಯಾವಿಶೇಷಣವೇ.

‘ಅಪ್’, ‘ಇನ್‌ಸೈಡ್’, ‘ಬಿಫೋರ್’ ಮುಂತಾದವು ನಾಮಪದವೊಂದನ್ನು ಹಿಡಿದುಕೊಂಡು ಬರುವ ಪ್ರಿಪೊಸಿಷನ್ನೋ, ತಾನೇ ನಿಲ್ಲುವ ಅಡ್ವರ್ಬೋ ಎಂಬ ಪ್ರಶ್ನೆಯಲ್ಲಿ ಕನ್ನಡ ಮೊದಲಿನಿಂದಲೇ ಜೊತೆಗೆ ನಿಲ್ಲುತ್ತದೆ. ನಮ್ಮ ‘ಒಳಗೆ’ ಪದವನ್ನೇ ನೋಡಿ: ‘ಮನೆಯ ಒಳಗೆ ಹೋದಳು’ ಎಂಬಲ್ಲಿ ಅದು ಮನೆಯನ್ನು ಹಿಡಿದುಕೊಂಡಿದೆ, ‘ಒಳಗೆ ಹೋದಳು’ ಎಂಬಲ್ಲಿ ತಾನೊಂದೇ ನಿಂತಿದೆ. ‘ಶೀ ವೆಂಟ್ ಇನ್‌ಸೈಡ್ ದಿ ಹೌಸ್’ ಎಂಬಲ್ಲಿ ಪ್ರಿಪೊಸಿಷನ್, ‘ಶೀ ವೆಂಟ್ ಇನ್‌ಸೈಡ್’ ಎಂಬಲ್ಲಿ ಅಡ್ವರ್ಬ್. ‘ಮೊದಲು’ ಎಂಬುದು ಇನ್ನೂ ಚೆಂದ: ‘ಊಟಕ್ಕೆ ಮೊದಲು’, ‘ಅವನು ಬರುವ ಮೊದಲು’, ‘ಮೊದಲು ನೋಡಿದ್ದೇನೆ’ ಎಂಬ ಮೂರೂ ‘ಬಿಫೋರ್’ ಪದದ ಮೂರು ಬಳಕೆಗಳಿಗೆ ಸರಿಯಾಗಿ ಹೊಂದುತ್ತವೆ, ಅವುಗಳಲ್ಲಿ ಕೊನೆಯದು ಮಾತ್ರ ಕ್ರಿಯಾವಿಶೇಷಣ. ಕನ್ನಡ ಕೈಬಿಡುವುದು ‘ಹೋಮ್’ ಪದದಲ್ಲಿ. ‘ಮನೆಗೆ ಹೋದ’ ಎಂಬಲ್ಲಿ ನಮಗೆ ಮನೆ ಚತುರ್ಥೀ ವಿಭಕ್ತಿಯ ನಾಮಪದ. ‘ಹೀ ವೆಂಟ್ ಹೋಮ್’ ಎಂಬಲ್ಲಿ ‘ಟು’ ಇಲ್ಲದೆ, ‘ದಿ’ ಇಲ್ಲದೆ ಬಂದಿರುವ ‘ಹೋಮ್’ ಕ್ರಿಯಾವಿಶೇಷಣ. ‘ಗಿವ್ ಅಪ್’ ಮುಂತಾದ, ಕ್ರಿಯಾಪದದೊಡನೆ ಬೆಸೆದುಕೊಂಡು ಹೊಸ ಅರ್ಥ ಕೊಡುವ ಜೋಡಿಗಳ ವಾಕ್ಯಗಳನ್ನು ಈ ಪಾಠದಿಂದ ತೆಗೆದು ಬೇರೆ ಪಾಠಕ್ಕೆ ಕಳುಹಿಸುವುದೇ ಸರಿ ಎಂದು ನಾನು ಸೂಚಿಸಿದೆ, ಲೇಖಕರು ಒಪ್ಪಿದರು.

ಕ್ರಿಯಾಪದವನ್ನು ಪ್ರಶ್ನಿಸಿದರೆ ಸಿಗದ ಕ್ರಿಯಾವಿಶೇಷಣಗಳೂ ಇವೆ. ‘ದಿ ಟೀ ಈಸ್ ವೆರಿ ಹಾಟ್’ ಎಂಬಲ್ಲಿ ‘ವೆರಿ’ ಅಂಟಿಕೊಂಡಿರುವುದು ‘ಹಾಟ್’ ಎಂಬ ಗುಣವಾಚಕಕ್ಕೆ. ‘ಶೀ ಸ್ಪೀಕ್ಸ್ ಟೂ ಫಾಸ್ಟ್’ ಎಂಬಲ್ಲಿ ‘ಫಾಸ್ಟ್’ ಮಾತಿಗೆ ಅಂಟಿದೆ, ‘ಟೂ’ ಆ ‘ಫಾಸ್ಟ್’ ಪದಕ್ಕೆ ಅಂಟಿದೆ. ಆದುದರಿಂದ ಒಂದೇ ವಾಕ್ಯದಲ್ಲಿ ಎರಡು ಗೆರೆ. ಎಷ್ಟು ಬಿಸಿ, ಎಷ್ಟು ವೇಗ ಎಂದು ಗುಣವಾಚಕವನ್ನೂ ಕ್ರಿಯಾವಿಶೇಷಣವನ್ನೂ ಪ್ರಶ್ನಿಸುವ ಎರಡನೆಯ ಸುತ್ತು ಇಲ್ಲಿ ಬೇಕಾಗುತ್ತದೆ. ‘ಎನಫ್’ ಮಾತ್ರ ತಾನು ಬಣ್ಣಿಸುವ ಪದಕ್ಕಿಂತ ಮುಂಚೆ ಬಾರದೆ ಅದರ ನಂತರ ಬರುತ್ತದೆ: ‘ಓಲ್ಡ್ ಎನಫ್’. ‘ಎ ಪ್ರಿಟಿ ಗಾರ್ಡನ್’ ಎಂದರೆ ಚೆಲುವಾದ ತೋಟ, ‘ಎ ಪ್ರಿಟಿ ಬಿಗ್ ಗಾರ್ಡನ್’ ಎಂದರೆ ಸಾಕಷ್ಟು ದೊಡ್ಡ ತೋಟ. ಎರಡನೆಯ ‘ಪ್ರಿಟಿ’ಯ ಕೆಳಗಷ್ಟೇ ಗೆರೆ.

‘ಓನ್ಲಿ’ ಪದದ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಕರಾರುವಾಕ್ಕಾಗಿದೆ. ‘ನಾನು ಕಾಫಿ ಮಾತ್ರ ಕುಡಿದೆ’ ಎಂಬುದಕ್ಕೂ ‘ನಾನು ಮಾತ್ರ ಕಾಫಿ ಕುಡಿದೆ’ ಎಂಬುದಕ್ಕೂ ನಮ್ಮಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಯಾವ ಪದಕ್ಕೆ ಒತ್ತು ಬೇಕೋ ಅದರ ಬೆನ್ನಿಗೇ ‘ಮಾತ್ರ’ ಕೂರುತ್ತದೆ. ‘ಐ ಓನ್ಲಿ ಡ್ರ್ಯಾಂಕ್ ಕಾಫಿ’ ಎಂಬ ಇಂಗ್ಲಿಷ್ ವಾಕ್ಯದಲ್ಲಿ ‘ಓನ್ಲಿ’ ಕ್ರಿಯಾಪದದ ಮುಂಚೆ ಇದ್ದರೂ ಅದರ ಒತ್ತು ಸಾಮಾನ್ಯವಾಗಿ ಕಾಫಿಯ ಮೇಲೆ. ಗೆರೆ ಎಳೆಯುವ ಮಗು ಇಷ್ಟೆಲ್ಲ ಬಿಡಿಸಬೇಕಾಗಿಲ್ಲ. ‘ಆನ್ ಓನ್ಲಿ ಚೈಲ್ಡ್’ ಎಂಬಲ್ಲಿರುವುದು ಗುಣವಾಚಕ ಎಂಬುದನ್ನು ಬಲ್ಲರೆ ಸಾಕು.

ಇಡೀ ವಾಕ್ಯಕ್ಕೆ ಅಂಟುವ ಕ್ರಿಯಾವಿಶೇಷಣಗಳನ್ನು ಮಕ್ಕಳಿಗೆ ತೋರಿಸಲು ಒಂದು ಜೋಡಿ ಸಾಕಾಯಿತು. ‘ಆನೆಸ್ಟ್‌ಲಿ, ದಿ ವಿಟ್ನೆಸ್ ಡಿಡ್ ನಾಟ್ ಸ್ಪೀಕ್’ ಎಂದರೆ, ನಿಜ ಹೇಳಬೇಕೆಂದರೆ ಸಾಕ್ಷಿ ಬಾಯಿಯನ್ನೇ ಬಿಡಲಿಲ್ಲ. ‘ದಿ ವಿಟ್ನೆಸ್ ಡಿಡ್ ನಾಟ್ ಸ್ಪೀಕ್ ಆನೆಸ್ಟ್‌ಲಿ’ ಎಂದರೆ ಸಾಕ್ಷಿ ಮಾತನಾಡಿದ, ಪ್ರಾಮಾಣಿಕವಾಗಿ ಅಲ್ಲ. ಪದ ಅದೇ, ಜಾಗ ಬದಲಾಯಿತು, ಆರೋಪವೇ ಬೇರೆಯಾಯಿತು. ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣ ನಿಲ್ಲುವ ಜಾಗವನ್ನು ಗಮನಿಸಬೇಕೆನ್ನುವುದು ಇದಕ್ಕಾಗಿಯೇ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿರುವುದರಿಂದ ಅದನ್ನು ಬಣ್ಣಿಸುವುದೆಲ್ಲ ಅದಕ್ಕಿಂತ ಮುಂಚೆ ಬಂದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಸ್ಲೋಲಿ’ ಕರ್ಮಪದದ ಆಚೆಗೂ ಹೋಗಬಹುದು, ‘ಆಲ್‌ವೇಸ್’, ‘ಆಲ್‌ರೆಡಿ’, ‘ನೆವರ್’ ಮುಂತಾದವು ‘ಹ್ಯಾಸ್’ ಮತ್ತು ‘ಲೆಫ್ಟ್’ ಪದಗಳ ನಡುವೆ ನುಸುಳಬಹುದು. ‘ದಿ ಬಸ್ ಹ್ಯಾಸ್ ಆಲ್‌ರೆಡಿ ಲೆಫ್ಟ್’ ಎಂಬಲ್ಲಿ ಕ್ರಿಯಾಪದದ ಎರಡು ತುಂಡುಗಳ ನಡುವೆ ಸಿಕ್ಕಿಕೊಂಡಿರುವ ಪದ ಯಾವುದೆಂದು ನೋಡುವ ಅಭ್ಯಾಸ ಮಕ್ಕಳಿಗೆ ಬಹುಬೇಗ ಬಂತು.

‘ನಾಟ್’ ಕೂಡ ಕ್ರಿಯಾವಿಶೇಷಣವೆಂದು ಶಾಲಾ ವ್ಯಾಕರಣ ಹೇಳುತ್ತದೆ. ಬರಲಿಲ್ಲ, ಬಾರದು ಎಂದು ನಿಷೇಧವನ್ನು ಕ್ರಿಯಾಪದದೊಳಗೇ ಇಟ್ಟುಕೊಳ್ಳುವ ನಮಗೆ ಇದು ಹೊಳೆಯುವುದು ಕಷ್ಟ, ‘ಡೋಂಟ್’ ಎಂದು ಅದು ಕುಗ್ಗಿದಾಗ ಇನ್ನೂ ಕಷ್ಟ. ‘ದೇರ್ ಈಸ್ ಎ ವೆಲ್ ದೇರ್’ ಎಂಬ ವಾಕ್ಯದಲ್ಲಿ ಮೊದಲ ‘ದೇರ್’ ಬರಿಯ ಜಾಗ ಹಿಡಿಯುವ ಪದ, ಕೊನೆಯದು ಅಲ್ಲಿ ಎಂಬ ಅರ್ಥದ ಕ್ರಿಯಾವಿಶೇಷಣ. ನಡುವಿನ ‘ವೆಲ್’ ನೀರು ಸೇದುವ ಬಾವಿ.

ಉತ್ತರವೇ ಒಂದಲ್ಲದ ವಾಕ್ಯಗಳನ್ನು ಏನು ಮಾಡಬೇಕು ಎಂಬುದು ಕೊನೆಗೆ ಉಳಿದ ಪ್ರಶ್ನೆ. ‘ವೀ ಮೆಟ್ ಯೆಸ್ಟರ್‌ಡೇ’ ಎಂಬಲ್ಲಿನ ‘ಯೆಸ್ಟರ್‌ಡೇ’ ಶಾಲಾ ವ್ಯಾಕರಣದಲ್ಲಿ ಕ್ರಿಯಾವಿಶೇಷಣ. ಆದರೆ ಭಾಷಾವಿಜ್ಞಾನಿಗಳಾದ ಹಡಲ್‌ಸ್ಟನ್ ಮತ್ತು ಪುಲಮ್ ಅವರ ನೇತೃತ್ವದಲ್ಲಿ 2002ರಲ್ಲಿ ಹೊರಬಂದ ಕೇಂಬ್ರಿಜ್‌ನ ಬೃಹತ್ ಇಂಗ್ಲಿಷ್ ವ್ಯಾಕರಣ ಅದನ್ನು ಸರ್ವನಾಮಗಳ ಸಾಲಿಗೆ ಸೇರಿಸುತ್ತದೆ, ‘ಹಿಯರ್’, ‘ಹೋಮ್’, ‘ಇನ್‌ಸೈಡ್’ ಮುಂತಾದವನ್ನು ಕರ್ಮ ಬೇಡದ ಪ್ರಿಪೊಸಿಷನ್‌ಗಳೆಂದು ಎಣಿಸುತ್ತದೆ. ಆ ವಾದಕ್ಕೆ ಬಲವಾದ ಕಾರಣಗಳಿವೆ. ‘ಯೆಸ್ಟರ್‌ಡೇ ವಾಸ್ ಎ ಹಾಲಿಡೇ’ ಎಂಬ ವಾಕ್ಯದಲ್ಲಿ ಅದು ಕರ್ತೃಪದವಾಗಿಯೇ ಕುಳಿತಿದೆಯಲ್ಲ. ಆದರೂ ಪರೀಕ್ಷೆ ಬರೆಯಬೇಕಾದ ಮಗುವಿಗೆ ಬೇಕಾದದ್ದು ಅದರ ಪಠ್ಯಕ್ರಮ ಒಪ್ಪುವ ಉತ್ತರ. ‘ವೀ ಮೆಟ್ ಯೆಸ್ಟರ್‌ಡೇ’ ಎಂಬುದರ ಕೆಳಗೆ ಗೆರೆಯನ್ನು ಉಳಿಸಿ, ವಿದ್ವಾಂಸರಲ್ಲಿ ಬೇರೆ ಅಭಿಪ್ರಾಯವೂ ಇದೆ ಎಂಬ ಮಾತನ್ನು ಶಿಕ್ಷಕರಿಗಾಗಿ ಇರುವ ಪುಟದಲ್ಲಿ ಹಾಕಿದೆವು. ‘ವಿತ್ ಕೇರ್’, ‘ಇನ್ ದಿ ಮಾರ್ನಿಂಗ್’ ಮುಂತಾದ ಪದಗುಚ್ಛಗಳು ಕ್ರಿಯಾವಿಶೇಷಣದ ಕೆಲಸ ಮಾಡಿದರೂ ಒಂಟಿ ಪದಗಳಲ್ಲವಾದ್ದರಿಂದ, ‘ಪದಗಳನ್ನು ಮಾತ್ರ ಗುರುತಿಸಿ’ ಎಂದು ಸೂಚನೆಯನ್ನೇ ತಿದ್ದಿದೆವು.

ಅಚ್ಚಿಗೆ ಹೋಗುವ ಮುಂಚೆ ಕರಡನ್ನು ನಮ್ಮ ಬಡಾವಣೆಯ ಒಂದು ಸರ್ಕಾರಿ ಪ್ರೌಢಶಾಲೆಯ ಮಕ್ಕಳ ಕೈಗೆ ಕೊಟ್ಟು ನೋಡಲು ಅಲ್ಲಿನ ಶಿಕ್ಷಕಿ ಅವಕಾಶ ಮಾಡಿಕೊಟ್ಟರು. ‘ಲಿ’ ತೆಗೆದು ನೋಡುವ ಪರೀಕ್ಷೆಯನ್ನು ಮಕ್ಕಳು ಆಟದಂತೆ ಆಡಿದರು. ಕಾಣು, ನೋಡು ಜೋಡಿಯ ಪುಟದಲ್ಲಿ ತರಗತಿ ನಿಧಾನವಾಯಿತು, ಆದರೆ ಕೈಬಿಡಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮಿಸ್, ದಿನಾ ಬೆಳಿಗ್ಗೆ ನೀವು ‘ಹೌ ಆರ್ ಯೂ’ ಅಂತೀರಾ, ನಾವು ‘ಐ ಆ್ಯಮ್ ಫೈನ್’ ಅಂತೀವಿ. ‘ಹೌ’ ಅಂತ ಕೇಳಿದ್ದಕ್ಕೆ ತಾನೇ ‘ಫೈನ್’ ಅಂತ ಉತ್ತರ ಬಂದಿದ್ದು? ಹಾಗಾದ್ರೆ ಅದು ಯಾಕೆ ಅಡ್ವರ್ಬ್ ಅಲ್ಲ?”

ನಮ್ಮ ಇಡೀ ಪುಟವನ್ನು ಅವಳು ಒಂದೇ ಪ್ರಶ್ನೆಯಲ್ಲಿ ಹಿಡಿದಿದ್ದಳು. ಅದನ್ನು ಕನ್ನಡದಲ್ಲಿ ಹೇಳು ಎಂದು ಶಿಕ್ಷಕಿ ಕೇಳಿದರು. “ಚೆನ್ನಾಗಿದ್ದೀನಿ” ಎಂದಳು. “ಅದರಲ್ಲಿ ಕ್ರಿಯಾಪದ ಯಾವುದಮ್ಮಾ?” ಎಂದು ನಾನು ಕೇಳಿದಾಗ ಅವಳು ಸ್ವಲ್ಪ ಯೋಚಿಸಿ, “ಇದ್ದೀನಿ... ಇರು,” ಎಂದಳು, ಮರುಕ್ಷಣವೇ, “ಇರು ಬಂತು, ಹಾಗಾದ್ರೆ ಗುಣವಾಚಕ,” ಎಂದು ತಾನೇ ಉತ್ತರ ಹೇಳಿ ಕುಳಿತಳು. ಮುದ್ರಣಾಲಯಕ್ಕೆ ಹಿಂದಿರುಗಿದ ಮೇಲೆ ಆ ಪುಟದ ಅಭ್ಯಾಸಕ್ಕೆ ಹೊಸದೊಂದು ಜೋಡಿಯನ್ನು ಎಲ್ಲಕ್ಕಿಂತ ಮೊದಲು ಸೇರಿಸಿದೆ: ‘ಐ ಆ್ಯಮ್ ಫೈನ್’, ‘ಐ ಸ್ಲೆಪ್ಟ್ ವೆಲ್’. ಗೆರೆ ಎರಡನೆಯ ವಾಕ್ಯದ ಕೊನೆಯ ಪದಕ್ಕೆ ಮಾತ್ರ. ಕಾರಣದ ಸಾಲಿನಲ್ಲಿ ‘ಚೆನ್ನಾಗಿದ್ದೇನೆ, ಚೆನ್ನಾಗಿ ಮಲಗಿದೆ’ ಎಂದು ಬರೆದು, ‘ಇರು’ ಮತ್ತು ‘ಮಲಗು’ ಎಂಬ ಎರಡು ಧಾತುಗಳನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ.